ಜಪಕ್ಕೆ ಉತ್ತರ ಕೊಡುವವನು

"ಗುರುಗಳೇ, ಮನಸ್ಸಿಲ್ಲದೆ ಬರೀ ಬಾಯಲ್ಲಿ ಹೇಳುವ ಜಪಸರ ಸುಳ್ಳಲ್ಲವೇ?"

ಕೇಳಿದವನು ಕ್ಲೆಮೆಂಟ್. ಗುರುಮಠದಲ್ಲಿ ಓದುತ್ತಿದ್ದ ಹುಡುಗ, ಇನ್ನು ಕೆಲವು ವರ್ಷಕ್ಕೆ ಸ್ವಾಮಿಯಾಗಬೇಕಾದವನು. ಅವನು ಕೇಳಿದ್ದು ಚೌರಪ್ಪ ಸ್ವಾಮಿಯವರನ್ನು. ವಯಸ್ಸಾಗಿ, ಊರುಗಳ ಚರ್ಚುಗಳ ಜವಾಬ್ದಾರಿ ಬಿಟ್ಟು, ಅವರು ಗುರುಮಠದ ಹಿಂದಿನ ಕೋಣೆಗೆ ಬಂದು ನೆಲೆಸಿದ್ದರು. ಆಗ ಜಗಲಿಯ ಮೇಲೆ ಕೂತು ಅಡುಗೆಯವನಿಗಾಗಿ ಅವರೆಕಾಯಿ ಸುಲಿಯುತ್ತಿದ್ದರು.

"ಯಾರು ಸುಳ್ಳು ಹೇಳಿದರು?" ಎಂದು ಸ್ವಾಮಿ ತಲೆ ಎತ್ತದೆ ಕೇಳಿದರು.

"ನಾನೇ. ಬೆರಳು ಮಣಿ ಜಾರಿಸುತ್ತದೆ, ಬಾಯಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಕಳೆದ ವಾರ ಒಂದು ಸಂಜೆ ಇಡೀ ಜಪಸರ ಮುಗಿಯುವ ತನಕ ಊಟಕ್ಕೆ ಏನಿರಬಹುದು ಅಂತ ಯೋಚಿಸುತ್ತಿದ್ದೆ. ದೇವರ ಮುಂದೆ ಈ ನಾಟಕ ಯಾಕೆ? ಅದಕ್ಕೇ ಈಗ ಎಲ್ಲರ ಜೊತೆ ಕೂರುತ್ತೇನೆ, ಬಾಯಿ ಮಾತ್ರ ತೆರೆಯುವುದಿಲ್ಲ. ಮನಸ್ಸು ಬಂದ ದಿನ ಹೇಳಿದರಾಯಿತು."

"ಏನಿತ್ತು ಅವತ್ತು ಊಟಕ್ಕೆ?"

"ಹುರುಳಿ ಸಾರು."

"ಥೂ. ಹಾಗಾದರೆ ಯೋಚಿಸಿದ್ದೂ ದಂಡ." ಸ್ವಾಮಿ ಅವರೆಕಾಯಿಯ ಮೊರವನ್ನು ಅವನ ಕಡೆ ತಳ್ಳಿದರು. "ಕೂತುಕೋ. ಸುಲಿಯುತ್ತಾ ಕೇಳು. ಮಧ್ಯೆ ಬಾಯಿ ಹಾಕಿದರೆ ಎದ್ದು ಹೋಗ್ತೀನಿ."

ಹೀಗೆಂದು ಅವರು ಕತೆ ಹೇಳಿದರು.

ಒಂದೂರು. ಊರಿನ ಹೆಸರು ಬೇಡ, ಹೇಳಿದರೆ ಅಲ್ಲಿ ನಿನ್ನ ನೆಂಟರು ಯಾರ್ಯಾರಿದ್ದಾರೆ ಅಂತ ಶುರು ಮಾಡ್ತೀಯ. ರಾಗಿ ಹೊಲದ ನಡುವೆ ಒಂದು ಚರ್ಚು, ಚರ್ಚಿನ ಮುಂದೆ ಒಂದು ಉದ್ದನೆಯ ಬೀದಿ, ಬೀದಿಯ ಎರಡೂ ಕಡೆ ನಮ್ಮವರ ಮನೆಗಳು. ಅಷ್ಟೇ ಊರು.

ಆ ಕಾಲದಲ್ಲಿ ಸಂಜೆಯ ಗಂಟೆ ಹೊಡೆಯಿತೆಂದರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಕಿವಿ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ನಾನೂ ಹಾಗೆ ಕಿವಿ ಹಿಂಡಿಸಿಕೊಂಡವನೇ. ಮನೆಮನೆಯಲ್ಲೂ ಮರಿಯಾ ಮಾತೆಯ ಪ್ರತಿಮೆಯ ಮುಂದೆ ದೀಪ, ದೀಪದ ಮುಂದೆ ಚಾಪೆ. ಒಬ್ಬರು ಜಪಸರ ಹಿಡಿದು 'ನಮೋ ಮರಿಯಾ' ಎಂದು ಮೊದಲರ್ಧ ಹೇಳಬೇಕು. ಉಳಿದವರು 'ಸಂತ ಮರಿಯಾ' ಎಂದು ಉಳಿದರ್ಧ ಹೇಳಿ ಮುಗಿಸಬೇಕು. ಮೊದಲರ್ಧ ವಂದನೆ, ಎರಡನೆಯ ಅರ್ಧ ಬೇಡಿಕೆ. ಮೊದಲು ಹೇಳುವವರ ಕೈಯಲ್ಲಿ ಮಣಿ ಇರುತ್ತದೆ, ಎಲ್ಲಿಗೆ ಬಂತು ಅನ್ನುವುದು ಅವರಿಗೆ ಗೊತ್ತು. ಉತ್ತರ ಕೊಡುವವರಿಗೆ ಆ ಚಿಂತೆಯೂ ಇಲ್ಲ.

ಆ ಹೊತ್ತಿನಲ್ಲಿ ಬೀದಿಯಲ್ಲಿ ನಡೆದು ಹೋದರೆ, ಒಂದು ಮನೆಯ ಮೊದಲರ್ಧಕ್ಕೆ ಪಕ್ಕದ ಮನೆಯ ಉಳಿದರ್ಧ ಬಂದು ಸೇರಿಕೊಳ್ಳುತ್ತಿತ್ತು. ಎಷ್ಟು ಚೆನ್ನಾಗಿತ್ತು ಅಂತೀಯ! ಚರ್ಚಿನ ಬಾಗಿಲಿನಿಂದ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ನೀನು ಬಾಯಿ ಬಿಡದೆ ಹತ್ತು ಮಣಿಯ ಒಂದು ರಹಸ್ಯ ಮುಗಿಸಿರುತ್ತಿದ್ದೆ. ಈಗ ಅದೇ ಹೊತ್ತಿಗೆ ಅದೇ ಬೀದಿಯಲ್ಲಿ ಮನೆಮನೆಯಲ್ಲೂ ಧಾರಾವಾಹಿ. ಹೋಗಲಿ ಬಿಡು, ಅದನ್ನು ಹೇಳಿ ಏನು ಪ್ರಯೋಜನ.

ಆ ಬೀದಿಯಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಇನ್ನಾಸಪ್ಪ ಅಂತ. ಅವನ ಹೆಂಡತಿ ಜ್ಞಾನಮ್ಮ. ಮಕ್ಕಳಿರಲಿಲ್ಲ. ಅವನು ಹಗಲೆಲ್ಲ ಸುಣ್ಣ ಕಲಸಿ, ಕರಣೆ ಹಿಡಿದು, ಗೋಡೆ ಮೆತ್ತಿ ಮನೆಗೆ ಬರುತ್ತಿದ್ದ. ಸುಣ್ಣ ತಿಂದು ತಿಂದು ಅವನ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಬಿಸಿ ತಟ್ಟೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಕೈಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದು, ಗೋಡೆಗೆ ಒರಗಿದರೆ ಮುಗಿಯಿತು, ಕಣ್ಣು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

ಆ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತಿತ್ತು. ಜ್ಞಾನಮ್ಮ ಮೊಳೆಗೆ ನೇತುಹಾಕಿದ್ದ ಜಪಸರ ತೆಗೆದುಕೊಂಡು ಚಾಪೆಯ ಮೇಲೆ ಮಂಡಿಯೂರುತ್ತಿದ್ದಳು. ಅವಳು ಮೊದಲರ್ಧ, ಇವನು ಉಳಿದರ್ಧ. ಮದುವೆಯಾಗಿ ಬಂದ ವಾರದಿಂದ ಹಾಗೇ ನಡೆದುಬಂದಿತ್ತು. ಇವನು ಒಂದು ದಿನವೂ ಮಣಿ ಮುಟ್ಟಿದವನಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅವಳ ಧ್ವನಿ ನಿಂತ ಕಡೆ ಬಾಯಿ ಆಡಿಸುತ್ತಿದ್ದ. ಒಮ್ಮೊಮ್ಮೆ ಗೊರಕೆಯ ಮಧ್ಯದಿಂದಲೂ ಉತ್ತರ ಬರುತ್ತಿತ್ತಂತೆ. ಅಭ್ಯಾಸ ಅಂದರೆ ಅದು.

ಒಂದು ದಿನ ಅವನಿಗೇ ನಾಚಿಕೆಯಾಯಿತು. "ಲೇ, ನನಗೆ ಮೈಯಲ್ಲಿ ಶಕ್ತಿಯಿಲ್ಲ. ನಾನು ಹೇಳೋದು ಹೇಳಿದ ಹಾಗೂ ಅಲ್ಲ. ನಾನು ಮಲಗ್ತೀನಿ, ಎರಡೂ ಕಡೆ ನೀನೇ ಹೇಳ್ಕೊ" ಅಂದ.

ಅವಳು ಒಪ್ಪಲಿಲ್ಲ. "ಗೋಡೆಗೆ ಒರಗ್ತೀರೋ, ಕಣ್ಣು ಮುಚ್ತೀರೋ, ನಿಮ್ಮಿಷ್ಟ. ಬಾಯಿ ಮಾತ್ರ ಬಿಡಬೇಕು" ಅಂದಳು. ದಣಿದ ಗಂಡನನ್ನು ದಿನಾ ಹೀಗೆ ಎಬ್ಬಿಸಿ ಕೂರಿಸುತ್ತಾಳಲ್ಲ, ಎಂಥಾ ಭಕ್ತಿಯ ಹಟ ಇವಳದು ಅಂತ ಅವನು ಗೊಣಗಿಕೊಂಡ. ಗೊಣಗಿಕೊಂಡೇ ಉತ್ತರ ಕೊಟ್ಟ.

ಆ ಹೆಂಗಸಿಗೆ ಊರಲ್ಲಿ ಇನ್ನೊಂದು ಕೆಲಸವಿತ್ತು. ಯಾರ ಮನೆಯಲ್ಲಿ ಸಾವಾದರೂ ಜನ ಅವಳನ್ನು ಕರೆಯುತ್ತಿದ್ದರು. ಹೆಣದ ಪಕ್ಕದಲ್ಲಿ ಕೂತು ಜಪಸರ ಶುರು ಮಾಡುವವಳು ಅವಳೇ. ಅಳುವವರ ಮನೆಯಲ್ಲಿ ಮೊದಲ ಮಾತು ತೆಗೆಯುವುದು ಸುಲಭವಲ್ಲ. ಅವಳು ಶುರು ಮಾಡಿದರೆ ಉಳಿದವರು ಹೇಗೋ ಸೇರಿಕೊಳ್ಳುತ್ತಿದ್ದರು. ಅಲ್ಲೂ ಇನ್ನಾಸಪ್ಪ ಹಿಂದಿನ ಗೋಡೆಯ ಪಕ್ಕದಲ್ಲೇ ಇರುತ್ತಿದ್ದ.

ಒಂದು ವರ್ಷ ಉಪವಾಸದ ದಿನಗಳಲ್ಲಿ, ತಪಸ್ಸುಕಾಲದಲ್ಲಿ, ಜ್ಞಾನಮ್ಮನಿಗೆ ಜ್ವರ ಬಂತು. ಜ್ವರ ಹೋಗಲಿಲ್ಲ. ಅವಳೇ ಹೋದಳು.

ನಮ್ಮಲ್ಲಿ ರೂಢಿ ಗೊತ್ತಲ್ಲ, ಸತ್ತವರ ಕೈಗೆ ಅವರ ಜಪಸರವನ್ನು ಸುತ್ತಿ ಕಳಿಸುತ್ತೇವೆ. ಜ್ಞಾನಮ್ಮನ ಅಕ್ಕ ಲೂರ್ದಮ್ಮ ಅದೇ ಊರಲ್ಲಿದ್ದಳು. ಅವಳು ಮೊಳೆಯಿಂದ ಜಪಸರ ತೆಗೆದು ತಂಗಿಯ ಬೆರಳುಗಳಿಗೆ ಸುತ್ತಿದಳು. ಪೆಟ್ಟಿಗೆ ಮುಚ್ಚಿದರು, ಮಣ್ಣು ಹಾಕಿದರು. ಇನ್ನಾಸಪ್ಪ ಮನೆಗೆ ಬಂದು ನೋಡಿದರೆ ಗೋಡೆಯಲ್ಲಿ ಬರೀ ಮೊಳೆ ಉಳಿದಿತ್ತು.

ಒಂದು ತಿಂಗಳು ಸಂಜೆ ಸಂಜೆ ಜನ ಬಂದರು. ಯಾರಾದರೊಬ್ಬರು ಮೊದಲರ್ಧ ಹೇಳುತ್ತಿದ್ದರು, ಮನೆ ತುಂಬಾ ಉತ್ತರ. ಇವನು ಗೋಡೆಗೆ ಒರಗಿ ತನ್ನ ಪಾಲಿನದನ್ನು ಹೇಳಿಕೊಂಡು ಹೋದ. ತಿಂಗಳ ಪೂಜೆ ಆಯಿತು, ಊಟ ಆಯಿತು, ಜನ ಬರುವುದು ನಿಂತಿತು. ಅದರಲ್ಲಿ ತಪ್ಪೇನಿಲ್ಲ, ಅವರಿಗೂ ಮನೆಯಿದೆ.

ಮೊದಲ ಸಲ ಒಬ್ಬನೇ ಆದ ದಿನ ಗಂಟೆ ಹೊಡೆಯಿತು. ಅವನು ದೀಪ ಹಚ್ಚಿದ. ಹೆಂಡತಿಯ ಚಾಪೆ ಹಾಸಿದ. ತಾನು ತನ್ನ ಗೋಡೆಗೆ ಹೋಗಿ ಒರಗಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಾಯಿ ತಾನಾಗಿ, "ಸಂತ ಮರಿಯಾ, ದೇವಮಾತೆಯೇ" ಅಂದಿತು.

ಬೆಚ್ಚಿಬಿದ್ದ. ಯಾರೂ ಏನೂ ಹೇಳಿರಲಿಲ್ಲ. ಇವನು ಉತ್ತರ ಕೊಟ್ಟಿದ್ದ.

ಮೊದಲರ್ಧ ಅವನಿಗೆ ಬರುತ್ತಿರಲಿಲ್ಲ ಅಂತಲ್ಲ ಮಾರಾಯ. ತನ್ನ ಹೆಸರು ಬರುವ ಹಾಗೆ ಬರುತ್ತಿತ್ತು. ಆದರೆ ಅದು ಅವನ ಕಿವಿಯಲ್ಲಿ ಅವಳ ಧ್ವನಿಯಲ್ಲೇ ಇತ್ತು. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು, ಎಲ್ಲಿ ಮೂಗು ಎಳೆಯುತ್ತಿದ್ದಳು, 'ಧನ್ಯರು' ಅನ್ನುವಲ್ಲಿ ಹೇಗೆ ಸ್ವಲ್ಪ ಅವಸರ ಮಾಡುತ್ತಿದ್ದಳು, ಎಲ್ಲ ಇತ್ತು. ಆದ್ದರಿಂದ ಅವನು ಅಷ್ಟು ಹೊತ್ತು ಸುಮ್ಮನಿರುತ್ತಿದ್ದ. ಅವಳು ಹೇಳಿ ಮುಗಿಸುತ್ತಿದ್ದಳು. ಆಮೇಲೆ ಇವನು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. ಮತ್ತೆ ಸುಮ್ಮನೆ. ಮತ್ತೆ ಉತ್ತರ.

ಹುಚ್ಚು ಅಂತೀಯಾ? ಅನ್ನು. ನಾನು ಅನ್ನುವುದಿಲ್ಲ. ಹಗಲೆಲ್ಲ ಯಾರೂ ಇಲ್ಲದ ಮನೆಗೆ ಅವನ ಪಾಲಿಗೆ ಸಂಜೆ ಹೆಂಡತಿ ಬಂದು ಹೋಗುತ್ತಿದ್ದಳು. ಅವನಿಗೆ ಅನ್ನ ಸೇರಲು ಶುರುವಾದದ್ದು ಆಗಲೇ.

ಹೀಗಿರುವಾಗ ಲೂರ್ದಮ್ಮ ಒಂದು ಸಂಜೆ ಪಾತ್ರೆಯಲ್ಲಿ ಸಾರು ತಂದಳು. ಒಳ್ಳೆಯ ಹೆಂಗಸು, ಆದರೆ ನಾಲಿಗೆ ಕತ್ತಿ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮೌನ, ಅರ್ಧ ಜಪ, ಮೌನ, ಅರ್ಧ ಜಪ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನಪ್ಪಾ ಇದು, ವಂದನೆ ನುಂಗಿಕೊಂಡು ಬರೀ ಬೇಡೋದು ಮಾತ್ರ ಬೇಡ್ತಿದ್ದೀಯಲ್ಲ! ಸತ್ತವರಿಗೆ ನಮ್ಮ ಜಪವೇ ದಾರಿಯ ಬುತ್ತಿ. ನನ್ನ ತಂಗಿಗೆ ಅರ್ಧ ಹೊಟ್ಟೆಗೆ ಕಟ್ಟಿ ಕಳಿಸ್ತಿದ್ದೀಯಾ?"

ಇನ್ನಾಸಪ್ಪನಿಗೆ ಏಟು ಬಿದ್ದ ಹಾಗಾಯಿತು. ಸಾರು ಅಲ್ಲೇ ಆರಿತು. ಅವನು ಅದನ್ನು ಮುಟ್ಟಲಿಲ್ಲ.

ನಮ್ಮ ಹಳಬರ ನಂಬಿಕೆ ಹಾಗಿತ್ತು. ಸತ್ತವರು ದೇವರ ಸನ್ನಿಧಿ ಸೇರುವ ತನಕ ಇಲ್ಲಿಂದ ನಾವು ಕಳಿಸುವ ಪ್ರಾರ್ಥನೆಯೇ ಅವರಿಗೆ ಆಸರೆ. ಇನ್ನಾಸಪ್ಪ ಅದನ್ನು ಪೂರ್ತಿ ನಂಬಿದವನು. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಪೂಜೆ ಮುಗಿದ ಮೇಲೆ ಊರಿನ ಸ್ವಾಮಿಯ ಮುಂದೆ ಹೋಗಿ ನಿಂತ. ನಡೆದದ್ದನ್ನೆಲ್ಲ ಹೇಳಿದ. ಹೇಳಿ, "ಸ್ವಾಮೀ, ಅವಳು ಬದುಕಿದ್ದಾಗ ದಿನಾ ತೂಕಡಿಸಿಕೊಂಡು ಹೇಳಿದೆ. ಒಂದು ದಿನಾನೂ ಮನಸ್ಸಿಟ್ಟು ಹೇಳಲಿಲ್ಲ. ಸತ್ತ ಮೇಲೆ ಅರ್ಧ ಹೇಳ್ತಿದ್ದೀನಿ. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಅಂತ ಏನು ಕೊಟ್ಟೆ?" ಅಂತ ಅತ್ತ.

ಆ ಸ್ವಾಮಿ ಒಳಗೆ ಹೋಗಿ ಒಂದು ಹೊಸ ಜಪಸರ ತಂದು ಅವನ ಕೈಗೆ ಹಾಕಿದರು. "ಅವಳಿಗೆ ಕೊಡಬೇಕು ಅನ್ನಿಸಿದರೆ ಪೂರ್ತಿ ಹೇಳು. ಅವಳ ಧ್ವನಿ ಕೇಳಬೇಕು ಅನ್ನಿಸಿದರೆ ಈಗ ಮಾಡುತ್ತಿರುವ ಹಾಗೇ ಮಾಡು. ಎರಡರಲ್ಲಿ ಯಾವುದೂ ಪಾಪವಲ್ಲ" ಅಂದರು.

ಪಾಪವಲ್ಲ ಅಂದರೆ ಸುಲಭ ಅಂತಲ್ಲ. ಪಾಪವಾಗಿದ್ದರೆ ಬಿಡುವುದು ಸುಲಭವಾಗುತ್ತಿತ್ತು.

ಅವತ್ತು ಸಂಜೆ ಅವನು ಹೊಸ ಜಪಸರ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ಚಾಪೆಯ ಮೇಲೆ ಮಂಡಿಯೂರಿದ. ಬಾಯಿ ತೆಗೆಯಲು ಭಯವಾಯಿತು. ಅವನಿಗೆ ಗೊತ್ತಿತ್ತು ಏನಾಗುತ್ತದೆ ಅಂತ. ಆದರೂ "ನಮೋ ಮರಿಯಾ" ಅಂದ. ಗಾರೆ ಧೂಳು ಕುಡಿದ ಒರಟು ಗಂಟಲು, ಅವಳ ಹಾಗೆ ಎಲ್ಲಿಂದ ಬರಬೇಕು? ಅವನ ಧ್ವನಿ ಎದ್ದದ್ದೇ ತಡ, ಕಿವಿಯಲ್ಲಿದ್ದ ಅವಳ ಧ್ವನಿ ನಿಂತುಹೋಯಿತು. ಅವನು ಮೊದಲರ್ಧ ಹೇಳಿ, ಉಳಿದರ್ಧವನ್ನೂ ತಾನೇ ಹೇಳಿದ. ಮನೆ ಮತ್ತೆ ಬರಿದಾಯಿತು. ನಾಲ್ಕಾರು ಮಣಿ, ಅಷ್ಟಕ್ಕೇ ಜಪಸರ ಕೆಳಗಿಟ್ಟು ಮುಖ ಮುಚ್ಚಿಕೊಂಡು ಅತ್ತ.

ಮಾರನೆಯ ದಿನ ಗಂಟೆ ಹೊಡೆದಾಗ ಅವನು ಗೋಡೆಯನ್ನೂ ನೋಡಿದ, ಚಾಪೆಯನ್ನೂ ನೋಡಿದ. ಗೋಡೆಗೆ ಒರಗಿದರೆ ಅವಳು ಬರುತ್ತಾಳೆ. ಚಾಪೆಯ ಮೇಲೆ ಕೂತರೆ ಅವಳಿಗೆ ಸಿಗುತ್ತದೆ. "ಅವಳಿಗೆ ಸಿಗಲಿ, ನನಗೆ ಬೇಡ" ಅಂತ ಬಾಯಿಬಿಟ್ಟು ಹೇಳಿ ಚಾಪೆಯ ಮೇಲೆ ಕೂತ.

ಪುಣ್ಯಾತ್ಮ, ಅದೆಷ್ಟು ಕಷ್ಟಪಟ್ಟ ಅಂತೀಯ! ಸುಣ್ಣ ತಿಂದ ಬೆರಳಿಗೆ ಮಣಿ ತಿಳಿಯುವುದೇ ಇಲ್ಲ. ಒಂದು ಜಾರಿತೋ, ಎರಡು ಜಾರಿತೋ, ದೇವರಿಗೇ ಗೊತ್ತು. ಎಲ್ಲಿದ್ದೇನೆ ಅಂತ ಮರೆತುಹೋಗುತ್ತಿತ್ತು. ಕಡಿಮೆಯಾಗಿದ್ದರೆ ಅವಳಿಗೆ ಮೋಸವಾಗುತ್ತದಲ್ಲ ಅಂತ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಬೀದಿಯ ಎಲ್ಲ ಮನೆಯಲ್ಲೂ ಜಪ ಮುಗಿದು ಊಟ ಮುಗಿದಿರುತ್ತಿತ್ತು, ಇವನದು ಇನ್ನೂ ನಡೆಯುತ್ತಿತ್ತು. ಲೂರ್ದಮ್ಮ ಕೇಳಿಸಿಕೊಂಡು ಹೋಗುತ್ತಿದ್ದಳು. ಈಗ ಬೈಯಲು ಅವಳಿಗೂ ಬಾಯಿ ಬರಲಿಲ್ಲ.

ಆದರೂ ಅವನ ಎದೆಯ ಭಾರ ಇಳಿಯಲಿಲ್ಲ. ಈಗೇನೋ ಕೊಡುತ್ತಿದ್ದೇನೆ, ಸರಿ. ಅವಳು ಕಣ್ಣೆದುರಿಗೆ ಇದ್ದಾಗ ಏನು ಕೊಟ್ಟೆ? ಪಕ್ಕದಲ್ಲಿ ಮಂಡಿಯೂರಿ ಅವಳು ಪ್ರಾರ್ಥಿಸುತ್ತಿದ್ದಳು, ನಾನು ನಿದ್ದೆ ಹೊಡೆದೆ. ಈ ಮಾತು ಅವನನ್ನು ಬಿಡಲಿಲ್ಲ. ಕೆಲಸಕ್ಕೆ ಹೋದಲ್ಲಿ ಕರಣೆ ಹಿಡಿದು ಗೋಡೆ ನೋಡುತ್ತಾ ನಿಂತುಬಿಡುತ್ತಿದ್ದ. ಜೊತೆಯವರು ಕೂಗಿದರೆ ಎಚ್ಚರವಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಅದೇ ಬೀದಿಯಲ್ಲಿ ಸಂದ್ಯಾಗಪ್ಪ ಅನ್ನುವವನು ತೀರಿಕೊಂಡ. ಊರಿನ ಸ್ವಾಮಿಯೂ ಜಪ ನಡೆಸುವ ಉಪದೇಶಿಯೂ ಪಕ್ಕದ ಊರಿನ ಹಬ್ಬಕ್ಕೆ ಹೋಗಿದ್ದರು. ಹೇಳಿ ಕಳಿಸಿದ್ದರು, ಬರುವುದು ತಡವಾಗುತ್ತಿತ್ತು. ಹೆಣ ನಡುಮನೆಯಲ್ಲಿತ್ತು. ಮನೆಯ ತುಂಬಾ ಜನ. ಸಂಜೆಯ ಗಂಟೆ ಹೊಡೆಯಿತು. ಯಾರೂ ಬಾಯಿ ತೆಗೆಯಲಿಲ್ಲ.

ಆಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಇಂಥ ಮನೆಯಲ್ಲಿ ಮೊದಲ ಮಾತು ತೆಗೆಯುತ್ತಿದ್ದವಳು ಈಗ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಸಂದ್ಯಾಗಪ್ಪನ ಹೆಂಡತಿ ತಲೆ ಎತ್ತಿ, ಯಾರಾದರೂ ಶುರು ಮಾಡುತ್ತಾರಾ ಅಂತ ಕಾದಳು.

ಲೂರ್ದಮ್ಮ ಹಿಂದೆ ತಿರುಗಿ, ಗೋಡೆಯ ಪಕ್ಕದಲ್ಲಿದ್ದ ಇನ್ನಾಸಪ್ಪನನ್ನು ನೋಡಿದಳು. "ಬಾರಪ್ಪಾ ಮುಂದಕ್ಕೆ. ನೀನೇ ಶುರು ಮಾಡು."

"ನಾನು ಉತ್ತರ ಹೇಳೋನು, ಅತ್ತಿಗೆ."

ಲೂರ್ದಮ್ಮ ಸರಿದು ಜಾಗ ಮಾಡಿದಳು. ಅವನು ಹೋಗಿ ಹೆಣದ ಪಕ್ಕದಲ್ಲಿ ಮಂಡಿಯೂರಿದ. "ನಮೋ ಮರಿಯಾ" ಅಂದ. ಮೊದಲರ್ಧ ಹೇಳಿ ಮುಗಿಸಿದ. ಒಬ್ಬನೇ ಹೇಳಿ ಹೇಳಿ ಅಭ್ಯಾಸವಾಗಿತ್ತಲ್ಲ, ಉಳಿದರ್ಧವನ್ನೂ ತಾನೇ ಹೇಳಲು ಉಸಿರು ಎಳೆದುಕೊಂಡ.

ಅಷ್ಟರಲ್ಲಿ ಉತ್ತರ ಬಂತು.

ಅದೇನು ದೊಡ್ಡ ಭಕ್ತಿಯ ಉತ್ತರವಲ್ಲ ಮತ್ತೆ. ಒಬ್ಬ ಕೆಮ್ಮಿದ. ಒಬ್ಬ ತಾಯಿ ಮಗುವಿಗೆ ಗದರುತ್ತಾ ಹೇಳಿದಳು. ಹೊಲದಿಂದ ನೇರವಾಗಿ ಬಂದ ಗಂಡಸರು ಅರ್ಧ ಮಾತು ನುಂಗಿ ಹೇಳಿದರು. ಆದರೆ ಬಂತು. ಎಲ್ಲ ಕಡೆಯಿಂದ ಬಂತು. ಇನ್ನಾಸಪ್ಪನಿಗೆ ತಲೆಯ ಮೇಲಿನ ಗಾರೆ ಬಾಂಡಲಿಯನ್ನು ಯಾರೋ ಕೈಚಾಚಿ ಇಳಿಸಿಕೊಂಡ ಹಾಗಾಯಿತು. ಅವನು ಉಸಿರು ಬಿಟ್ಟ. ಮುಂದಿನ ಮಣಿಗೆ ಬೇಕಾದ ಧೈರ್ಯ ಬಂತು. ಹೇಳಿದ. ಮತ್ತೆ ಉತ್ತರ ಬಂತು. ಇನ್ನು ನನ್ನಿಂದಾಗದು ಅನ್ನಿಸಿದಾಗಲೆಲ್ಲ ಉತ್ತರ ಬರುತ್ತಿತ್ತು, ಅವನು ಮತ್ತೊಂದು ಮಣಿ ದಾಟುತ್ತಿದ್ದ. ಮಣಿ ತಪ್ಪಿದಾಗ ಲೂರ್ದಮ್ಮ ಪಕ್ಕದಿಂದ ಎಷ್ಟನೆಯದು ಅಂತ ಬೆರಳೆತ್ತಿ ತೋರಿಸುತ್ತಿದ್ದಳು.

ಮೂರನೆಯ ರಹಸ್ಯದ ನಡುವೆ ಅವನು ಸುಮ್ಮನೆ ತಲೆ ಎತ್ತಿದ. ಹಿಂದಿನ ಗೋಡೆಯ ಪಕ್ಕ, ತಾನು ಯಾವಾಗಲೂ ಕೂರುತ್ತಿದ್ದ ಕಡೆ, ಒಬ್ಬ ಮುದುಕ ಒರಗಿ ಕೂತಿದ್ದ. ಕಣ್ಣು ಮುಚ್ಚಿದ್ದವು. ತಲೆ ಎದೆಯ ಮೇಲೆ ಬಾಗಿತ್ತು. ನಿದ್ದೆಯೇ ಸರಿ. ಆದರೂ ಅವನ ತುಟಿ ಎಲ್ಲರಿಗಿಂತ ಒಂದು ಮಾತು ಹಿಂದೆ ಆಡುತ್ತಿತ್ತು. ಆ ಮುದುಕನ ಗೊಗ್ಗರು ಧ್ವನಿಯೂ ಬಂದು ಇನ್ನಾಸಪ್ಪನನ್ನು ಮುಟ್ಟಿತು. ಅದೂ ಭಾರ ಇಳಿಸಿಕೊಂಡಿತು. ನಿದ್ದೆಯ ಧ್ವನಿ ಅಂತ ಅದೇನೂ ಕಡಿಮೆಯಾಗಿರಲಿಲ್ಲ.

ಇನ್ನಾಸಪ್ಪ ಅಲ್ಲೇ ನಿಲ್ಲಿಸಿಬಿಟ್ಟ.

ಜನ ಕಾದರು. ಹೆಂಡತಿ ಸತ್ತ ದುಃಖ ಮತ್ತೆ ಬಂತೇನೋ ಪಾಪ ಅಂದುಕೊಂಡರು. ಅವನು ಪಕ್ಕದಲ್ಲಿದ್ದ ಲೂರ್ದಮ್ಮನ ಕಡೆ ತಿರುಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅತ್ತಿಗೆ, ಅವಳಿಗೆ ದಿನಾ ಹೀಗೇ ಆಗ್ತಿತ್ತಾ?"

ಆ ಕತ್ತಿ ನಾಲಿಗೆಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೂಂ ಕಣಪ್ಪಾ. ಇನ್ಯಾತಕ್ಕೆ ನಿನ್ನ ಮಲಗೋಕೆ ಬಿಡ್ತಿರಲಿಲ್ಲ ಅಂದ್ಕೊಂಡೆ? ಮಕ್ಕಳಿಲ್ಲ ಮರಿಯಿಲ್ಲ. ದಿನಕ್ಕೆ ಅಷ್ಟು ಹೊತ್ತು ಅವಳು ಒಂದು ಮಾತು ಅಂದ್ರೆ ನೀನೊಂದು ಮಾತು ಅಂತಿದ್ದೆಯಲ್ಲ, ಅಷ್ಟು ಸಾಕು ನಂಗೆ ಅಂತಿದ್ದಳು."

ಇನ್ನಾಸಪ್ಪ ತೋಳಿನಿಂದ ಮುಖ ಒರೆಸಿಕೊಂಡು ಬಿಟ್ಟ ಕಡೆಯಿಂದ ಜಪ ಎತ್ತಿಕೊಂಡ. ಕೊನೆಯ ತನಕ ಹೇಳಿದ. ಅವತ್ತು ಅವನು ಮನೆಗೆ ಹೋದ ಮೇಲೆ ಚೆನ್ನಾಗಿ ಊಟ ಮಾಡಿದನಂತೆ. ಲೂರ್ದಮ್ಮನೇ ಬಡಿಸಿದವಳು, ನಮ್ಮವ್ವನಿಗೆ ಅವಳೇ ಹೇಳಿದ್ದು, ನಾನು ಪಕ್ಕದಲ್ಲಿ ಕೂತು ಕೇಳಿದ್ದು.

ಆಮೇಲೆ ಸಾವಿನ ಮನೆಗಳಲ್ಲಿ ಜಪ ಶುರು ಮಾಡುವ ಕೆಲಸ ಅವನಿಗೇ ಬಂತು. ತಾನು ಸಾಯುವ ತನಕ ಮಾಡಿದ. ಮಣಿಯ ಲೆಕ್ಕ ಮಾತ್ರ ಕೊನೆಯ ತನಕ ಸರಿಯಾಗಲಿಲ್ಲ. ಅವನು ನಡೆಸಿದರೆ ಮನೆಗೆ ಹೋಗುವುದು ತಡ ಅಂತ ಗಂಡಸರೆಲ್ಲ ಗೊಣಗುತ್ತಿದ್ದರು. ಗೊಣಗಿಕೊಂಡೇ ಉತ್ತರ ಕೊಡುತ್ತಿದ್ದರು.

ಚೌರಪ್ಪ ಸ್ವಾಮಿ ಕತೆ ನಿಲ್ಲಿಸಿದರು. ಮೊರದಲ್ಲಿದ್ದ ಅವರೆಕಾಳಿನ ಮೇಲೆ ಒಮ್ಮೆ ಕೈಯಾಡಿಸಿ, ಹುಳುಕಾದ ಒಂದೆರಡನ್ನು ಆರಿಸಿ ಎಸೆದರು. ಕ್ಲೆಮೆಂಟ್ ಸುಲಿಯುವುದನ್ನು ಯಾವಾಗಲೋ ಬಿಟ್ಟಿದ್ದ.

"ಅವಳ ಧ್ವನಿ ಮತ್ತೆ ಅವನಿಗೆ ಕೇಳಿಸಿತೇ, ಗುರುಗಳೇ?"

"ಇಲ್ಲ. ಕೇಳಿಸಿತು ಅಂತ ಹೇಳಿದರೆ ಕತೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಇಲ್ಲ."

ಕ್ಲೆಮೆಂಟ್ ಮತ್ತೆ ಒಂದು ಕಾಯಿ ಕೈಗೆತ್ತಿಕೊಂಡ. ಕತೆ ಅವನಿಗೆ ಹಿಡಿಸಿತ್ತು. ಆದರೂ ಅವನು ಸುಲಭವಾಗಿ ಸೋಲುವವನಲ್ಲ. "ಅದು ಗಂಡ ಹೆಂಡತಿಯ ಮಾತಾಯಿತು. ಅಲ್ಲಿ ಇದ್ದದ್ದೇ ಇಬ್ಬರು. ಇಲ್ಲಿ ನಾವು ಅಷ್ಟೊಂದು ಜನ ಒಟ್ಟಿಗೆ ಹೇಳುತ್ತೇವೆ. ಅಷ್ಟು ಜನರ ನಡುವೆ ನನ್ನದೊಂದು ಧ್ವನಿ ಇಲ್ಲ ಅಂತ ಯಾರಿಗೆ ತಿಳಿಯುತ್ತದೆ?"

ಚೌರಪ್ಪ ಸ್ವಾಮಿ ಮೊರವನ್ನು ಕೆಳಗಿಟ್ಟು ಮೊದಲ ಸಲ ಅವನ ಮುಖ ನೋಡಿದರು.

"ಈ ವಾರವೆಲ್ಲ ಮೊದಲರ್ಧ ಹೇಳುತ್ತಿರುವವನು ನಾನು, ಮಗಾ."